ಗೋಲಿನ ಹಿಂದಿನ ಗಣಪಯ್ಯ

"ಕೇಳಸ್ತೈತ್ರಿ ಕಾಕಾ."

ಬಲೆಯೊಳಗಿನ ಚೆಂಡು ತೆಗೆಯಲು ಬಗ್ಗಿದ್ದ ಗೋಲ್‌ಕೀಪರ್ ಹಾಗೆಯೇ ತಲೆಯೆತ್ತಿ, ಬೇಲಿಯ ಈಚೆ ಮೊದಲ ಸಾಲಿನ ಹಲಗೆಯ ಮೇಲೆ ನಿಂತಿದ್ದ ಗಣಪಯ್ಯನವರನ್ನು ನೋಡಿ ಇಷ್ಟು ಹೇಳಿದ. ದನಿ ಏರಿಸಲಿಲ್ಲ, ಮುಖ ಗಂಟಿಕ್ಕಲಿಲ್ಲ. ಚೆಂಡನ್ನು ಮೈದಾನದ ನಡುವಿಗೆ ಒದ್ದು, ಕೆಸರಾದ ಗ್ಲೌಸನ್ನು ಚಡ್ಡಿಗೆ ಒರೆಸಿಕೊಂಡು ತನ್ನ ಜಾಗಕ್ಕೆ ಹೋಗಿ ನಿಂತ.

ಗಣಪಯ್ಯನವರ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಅರ್ಧ ನಿಮಿಷದ ಹಿಂದೆ ಅದೇ ಬಾಯಿಂದ ಅವರು ಗಂಟಲು ಹರಿಯುವ ಹಾಗೆ ಕೂಗಿದ್ದರು: "ಎಡಗೈ ಮನೆಯಲ್ಲಿ ಬಿಟ್ಟು ಬಂದಿದ್ಯಾ? ನಿನ್ನಿಂದ ಆಗುದಿಲ್ಲ ಮಾರಾಯ, ಊರಿಂದ ನಿನ್ನ ಅಮ್ಮನನ್ನು ಕರ್ಸು. ಸೆರಗು ಹಿಡ್ಕೊಂಡು ನಿಂತ್ರೂ ನಿನ್ನಿಂದ ಜಾಸ್ತಿ ಹಿಡೀತಾಳೆ." ಅಚ್ಚಕನ್ನಡದಲ್ಲಿ ಕೂಗಿದ್ದರು. ಪಕ್ಕದಲ್ಲಿದ್ದ ಗೆಳೆಯ ಪೊಲ್ಟುದಾ ಎಂದಿನಂತೆ ಒಂದಕ್ಷರವೂ ಅರ್ಥವಾಗದೆ, ಅಣ್ಣ ಸರಿಯಾಗಿ ಕೊಟ್ಟರು ಎಂಬ ಖುಷಿಯಲ್ಲಿ ತಲೆಯಾಡಿಸಿದ್ದ.

ಗಣಪಯ್ಯನವರು ಇಪ್ಪತ್ತಮೂರರ ವಯಸ್ಸಿನಲ್ಲಿ ಉಡುಪಿಯಿಂದ ಕಲ್ಕತ್ತೆಗೆ ಬಂದವರು. ಲೇಕ್ ಮಾರ್ಕೆಟ್ಟಿನ ಹಿಂದೆ ಅವರದೊಂದು ಇಡ್ಲಿ ದೋಸೆಯ ಹೋಟೆಲು. ಬಂದ ವರ್ಷವೇ ಗಿರಾಕಿಯೊಬ್ಬರು ಕೈಹಿಡಿದು ಮೈದಾನಕ್ಕೆ ಕರೆದೊಯ್ದು ರಾಸಬಿಹಾರಿ ಯೂನಿಯನ್ನಿನ ಆಟ ತೋರಿಸಿದರು. ಊರಿಗೆಲ್ಲ ಗೊತ್ತಿರುವ ದೊಡ್ಡ ಕ್ಲಬ್ಬುಗಳಲ್ಲಿ ಒಂದನ್ನು ಹಿಡಿದಿದ್ದರೆ ಇವರ ರಕ್ತದೊತ್ತಡ ಇಷ್ಟು ಏರುತ್ತಿರಲಿಲ್ಲವೇನೋ. ರಾಸಬಿಹಾರಿಯಲ್ಲಿ ಒಳ್ಳೆಯ ಆಟಗಾರ ತಯಾರಾಗುವುದೇ ಮುಂದಿನ ವರ್ಷ ಬೇರೆಯವರ ಪಾಲಾಗಲಿಕ್ಕೆ. ಹಿಟ್ಟು ರುಬ್ಬುವುದು ನಾವು, ದೋಸೆ ತಿನ್ನುವುದು ಅವರು ಎಂದು ಗಣಪಯ್ಯನವರು ಮೂವತ್ತೆಂಟು ವರ್ಷಗಳಿಂದ ಗೊಣಗುತ್ತಲೇ ಇದ್ದಾರೆ, ಒಂದು ಪಂದ್ಯವನ್ನೂ ತಪ್ಪಿಸಿಲ್ಲ.

ಮೊದಮೊದಲು ಅವರು ಬಯ್ಯುತ್ತಿದ್ದದ್ದು ಬಂಗಾಳಿಯಲ್ಲೇ. ಒಂದು ಸಲ ಒಬ್ಬ ಡಿಫೆಂಡರನನ್ನು ಗೂಟಕ್ಕೆ ಕಟ್ಟಿದ ಎಮ್ಮೆ ಎಂದರು. ಅವನ ಭಾವಮೈದುನ ಹಿಂದಿನ ಸಾಲಿನಲ್ಲೇ ಕೂತಿದ್ದ. ಆ ದಿನ ಮುರಿದದ್ದು ಕೊಡೆ ಮಾತ್ರ ಎಂಬುದು ದೇವರ ದಯೆ. ಅಂದಿನಿಂದ ಬೈಗುಳವೆಲ್ಲ ಕನ್ನಡಕ್ಕೆ ಬಂತು. ಅದರಲ್ಲಿ ಅವರಿಗೆ ಅನುಭವವೂ ಇತ್ತು. ಎಸ್ಪ್ಲನೇಡಿನಿಂದ ಬರುವ ಬಸ್ಸಿನಲ್ಲಿ ಎದುರಿಗೆ ಕೂತವನ ಬೋಳುತಲೆಯ ಬಗ್ಗೆ ಅವನ ಮುಂದೆಯೇ ಹೆಂಡತಿಯೊಡನೆ ಆರಾಮಾಗಿ ಮಾತಾಡುವುದು, ಬಾಳೆಲೆ ಮಾರುವವಳ ಕಿವಿಯ ಹತ್ತಿರವೇ ಎಲೆ ಒಣಗಿದೆ ಎಂದು ಇಬ್ಬರೂ ತೀರ್ಮಾನಿಸುವುದು, ಇವೆಲ್ಲ ಆ ಊರಿನಲ್ಲಿ ನೆಲೆನಿಂತ ಕನ್ನಡಿಗರೆಲ್ಲ ಮಾಡುವುದೇ. ಕಲ್ಕತ್ತೆಯಲ್ಲಿ ಕನ್ನಡವೆಂದರೆ ಅವರಿಗೆ ಬಾಗಿಲು ಹಾಕಿಕೊಂಡ ಕೋಣೆಯಿದ್ದ ಹಾಗೆ.

ಈ ಕೀಪರ್ ವಿವೇಕ ಬಂದದ್ದು ಜೂನ್ ತಿಂಗಳಲ್ಲಿ. ಗೋವಾದ ಕ್ಲಬ್ಬಿನಿಂದ ತಂದರು, ಪತ್ರಿಕೆಯವರು ಗೋವಾದ ಹುಡುಗ ಎಂದು ಬರೆದರು, ಗಣಪಯ್ಯನವರೂ ಅದನ್ನೇ ನಂಬಿದರು. ಗೋವಾದವ ಬೇಕಿತ್ತೆ, ಇಲ್ಲೇ ಬಾರಾಸಾತಿನಲ್ಲಿ ಹುಡುಕಿದ್ದರೆ ಇವನಿಗಿಂತ ಒಳ್ಳೆಯವರು ಸಿಗುತ್ತಿದ್ದರು ಎಂದು ಹೋಟೆಲಿನಲ್ಲಿ ಕಾಫಿ ಕುಡಿಯುವವರಿಗೆಲ್ಲ ಹೇಳಿದರು. ಮೊದಲ ಐದಾರು ಪಂದ್ಯ ಹುಡುಗ ಚೆನ್ನಾಗಿಯೇ ಆಡಿದ. ಆಮೇಲೆ ಏನಾಯಿತೋ, ಮೂರು ಪಂದ್ಯದಲ್ಲಿ ಏಳು ಗೋಲು ಬಿಟ್ಟ. ಅದರಲ್ಲಿ ಐದು ಅವನ ಎಡಕ್ಕೇ ಹೋದದ್ದು. ಲೀಗಿನ ಮೇಲಿನ ದರ್ಜೆಯಲ್ಲಿ ಉಳಿಯಬೇಕಾದರೆ ಇನ್ನು ಕೊನೆಯ ಪಂದ್ಯದಲ್ಲಿ ಸೋಲಬಾರದು ಎಂಬ ಪರಿಸ್ಥಿತಿ ಬಂತು. ಗೋಲಿನ ಹಿಂದೆ ನಿಂತ ಗಣಪಯ್ಯನವರು ಮೂರೂ ಪಂದ್ಯ ಎಡಗೈಯನ್ನೇ ಹಿಡಿದು ಜಾಡಿಸಿದರು. ಇವತ್ತು ಅಮ್ಮನನ್ನೂ ಸೇರಿಸಿದರು.

ಪಂದ್ಯ ಮುಗಿಯುವವರೆಗೆ ಅವರು ಮತ್ತೆ ಬಾಯಿ ಬಿಡಲಿಲ್ಲ. ಮೈಗೆ ಹುಷಾರಿಲ್ಲವೇ ಎಂದು ಪೊಲ್ಟುದಾ ಎರಡು ಸಲ ಕೇಳಿದ.

ಮುಂದಿನ ಮಂಗಳವಾರ ಅದೇ ಪೊಲ್ಟುದಾ ಹೋಟೆಲಿಗೆ ಬಂದು, ವಡೆ ಮುರಿಯುತ್ತಾ ಸುದ್ದಿ ಹೇಳಿದ. ಕೀಪರ್ ಅಭ್ಯಾಸಕ್ಕೆ ಬರುತ್ತಿಲ್ಲವಂತೆ. ಸೆಕ್ರೆಟರಿಯ ಹತ್ತಿರ ಊರಿಗೆ ಹೋಗುತ್ತೇನೆ ಎಂದನಂತೆ. ಗ್ಯಾಲರಿಯಲ್ಲಿ ಯಾರೋ ಮನಸ್ಸು ಮುರಿಯುವಂಥ ಮಾತಾಡಿದರಂತೆ, ಅದಕ್ಕೇ ಇರಬೇಕು. ಯಾರು ಆ ಕತ್ತೆ ಎಂದು ಗೊತ್ತಾದರೆ ನಾನೇ ವಿಚಾರಿಸಿಕೊಳ್ಳುತ್ತೇನೆ ಎಂದು ಹೇಳಿ ಪೊಲ್ಟುದಾ ಇನ್ನೊಂದು ಬಟ್ಟಲು ಸಾಂಬಾರು ಕೇಳಿದ. ಕತ್ತೆಯೇ ಎದ್ದು ಹೋಗಿ ಸಾಂಬಾರು ತಂದು ಬಡಿಸಿತು.

ಗುರುವಾರದ ಕೊನೆಯ ಪಂದ್ಯಕ್ಕೆ ಎರಡನೆಯ ಕೀಪರನನ್ನು ನಿಲ್ಲಿಸಿದರು. ಕೆಸರಿನಲ್ಲಿ ತೊಂಬತ್ತು ನಿಮಿಷ ಹೊರಳಾಡಿ ರಾಸಬಿಹಾರಿ ಸೊನ್ನೆ ಸೊನ್ನೆ ಮಾಡಿಕೊಂಡು ಬಚಾವಾಯಿತು. ಮುದುಕರೆಲ್ಲ ಹಲಗೆಯಿಂದ ಇಳಿದು ಅಪ್ಪಿಕೊಂಡರು. ಯಾರೋ ಕ್ಲಬ್ಬಿನ ಟೆಂಟಿನೊಳಗಿಂದ ರಸಗುಲ್ಲದ ಮಡಕೆ ತಂದರು. ಗಣಪಯ್ಯನವರು ಕೈಯಲ್ಲಿ ಒಂದನ್ನು ಹಿಡಿದುಕೊಂಡು ನಿಂತರು. ಪಾಕ ಮೊಣಕೈವರೆಗೆ ಇಳಿಯಿತು, ತಿನ್ನಲಿಕ್ಕಾಗಲಿಲ್ಲ. ಕ್ಲಬ್ಬು ಉಳಿದ ಸಂತೋಷ ಅವರ ಮೈಗೆ ತಾಗಲೇ ಇಲ್ಲ. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ತನ್ನ ಬಾಯಿಯ ದೆಸೆಯಿಂದ ಆಟ ಬಿಟ್ಟು ಹೊರಟಿದ್ದಾನೆ ಎಂಬುದೊಂದೇ ತಲೆಯಲ್ಲಿತ್ತು.

ಆ ಸಂಜೆ ಹೆಂಡತಿ ರತ್ನಾವತಿ ಒಲೆಯ ಹತ್ತಿರ ಅವರನ್ನು ತಡೆದು ನಿಲ್ಲಿಸಿದಳು.

"ಎಂತಾಗಿದೆ ನಿಮಗೆ? ಬೆಳಿಗ್ಗೆ ಚಟ್ನಿಗೆ ಎರಡು ಸಲ ಉಪ್ಪು ಹಾಕಿದ್ರಿ. ಈಗ ನೋಡಿದ್ರೆ ಕಾಫಿಗೂ ಹಾಕುವ ಹಾಗೆ ಕಾಣ್ತದೆ."

ಅವರು ಎಲ್ಲವನ್ನೂ ಹೇಳಿದರು. ಹೇಳುವಾಗ ಸೆರಗಿನ ಮಾತು ಮಾತ್ರ ಸ್ವಲ್ಪ ಮೆತ್ತಗೆ ಮಾಡಲು ನೋಡಿದರು, ಅವಳು ಬಿಡದೆ ಪೂರಾ ಹೇಳಿಸಿದಳು.

"ಅಮ್ಮನ ಸುದ್ದಿ ಎಂತಕ್ಕೆ ತೆಗ್ದದ್ದು?"

"ಯಾರಿಗೂ ಗೊತ್ತಾಗುದಿಲ್ಲ ಅಂತ ಎಣಿಸಿದ್ದು."

"ಗೊತ್ತಾಗದಿದ್ರೆ ಹೇಳ್ಬಹುದಾ?" ರತ್ನಾವತಿ ಸೌಟನ್ನು ಕೆಳಗಿಟ್ಟಳು. ನಾಳೆ ಹೋಗುವಾಗ ಒಂದು ಡಬ್ಬಿ ಪಾಯಸ ತೆಗೆದುಕೊಂಡು ಹೋಗಲೇ ಎಂದು ಅವರು ಕೇಳಿದಾಗ ಅವಳಿಗೆ ಇನ್ನೂ ಸಿಟ್ಟು ಬಂತು. "ಪಾಯಸ ಗೀಯಸ ಬೇಡ. ಬರಿಗೈಲಿ ಹೋಗಿ. ಮೊದ್ಲು ತಪ್ಪಾಯ್ತು ಅಂತ ಹೇಳಿ. ತಿನ್ನಿಸುದೆಲ್ಲ ಆಮೇಲೆ."

ಆಟಗಾರರು ಉಳಿದುಕೊಳ್ಳುವ ಮೆಸ್ ಇದ್ದದ್ದು ಭವಾನಿಪುರದ ಒಂದು ಹಳೆಯ ಮನೆಯ ಎರಡನೆಯ ಮಹಡಿಯಲ್ಲಿ. ಬೀದಿಯಲ್ಲಿ ದುರ್ಗಾಪೂಜೆಯ ಪೆಂಡಾಲಿಗೆ ಬಿದಿರು ಕಟ್ಟುತ್ತಿದ್ದರು, ಅದರಡಿಯಲ್ಲಿ ನುಸುಳಿಕೊಂಡು ಹೋಗಬೇಕಾಯಿತು. ಮೆಟ್ಟಿಲು ಹತ್ತುತ್ತಾ ಗಣಪಯ್ಯನವರು ಹೇಳಬೇಕಾದ ಮಾತು ಜೋಡಿಸಿಕೊಂಡರು. ಹುಡುಗ ಬೈದರೆ ಕೇಳಿಸಿಕೊಳ್ಳುವುದು, ಹೊಡೆದರೆ ಹೊಡೆಸಿಕೊಳ್ಳುವುದು, ಆದರೆ ಬಾಗಿಲು ಹಾಕಿಕೊಂಡುಬಿಟ್ಟರೆ ಏನು ಮಾಡುವುದು ಎಂದು ಅವರಿಗೆ ತಿಳಿಯಲಿಲ್ಲ.

ಬಾಗಿಲು ತೆರೆದೇ ಇತ್ತು. ಮೂರು ಮಂಚದ ಕೋಣೆ. ಉಳಿದ ಇಬ್ಬರು ಹೊರಗೆ ಹೋಗಿದ್ದರು. ವಿವೇಕ ಮಂಚದ ಮೇಲೆ ಕೂತು ಒಂದೇ ಕೈಯಲ್ಲಿ ಬಟ್ಟೆಗಳನ್ನು ಬ್ಯಾಗಿಗೆ ತುರುಕುತ್ತಿದ್ದ. ಎಡಗೈಗೆ ಹೆಬ್ಬೆರಳಿನಿಂದ ಮೊಣಕೈ ಹತ್ತಿರದವರೆಗೂ ಪ್ಲಾಸ್ಟರ್ ಇತ್ತು.

"ಅಯ್ಯ, ಕಾಕಾ," ಎಂದ. "ಬರ್ರಿ, ಕುಂದರ್ರಿ."

ಗಣಪಯ್ಯನವರು ಕೂರಲಿಲ್ಲ. ಮೆಟ್ಟಿಲಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಪ್ಲಾಸ್ಟರ್ ನೋಡಿ ಚೆಲ್ಲಿಹೋಯಿತು. "ತಪ್ಪಾಯ್ತು ಮಗಾ. ನಾನು ಹಾಗೆ ಹೇಳ್ಬಾರ್ದಿತ್ತು," ಎಂದರು. ಹೇಳಿ ಆದಮೇಲೂ ಬಾಗಿಲ ಹತ್ತಿರವೇ ನಿಂತರು. ಆಮೇಲೆ, "ನಿನ್ನ ಕೈಗೆ ಎಂತಾಯ್ತು?" ಎಂದು ಕೇಳಿದರು.

ಹುಡುಗ ನಕ್ಕ. ಒಂದು ತಿಂಗಳ ಹಿಂದೆ, ಜೋರು ಮಳೆಯ ದಿನ, ಅಭ್ಯಾಸದಲ್ಲಿ ಕೈ ಊರಿ ಬಿದ್ದಿದ್ದನಂತೆ. ಉಳುಕಿರಬೇಕು ಎಂದು ಗ್ಲೌಸಿನೊಳಗೆ ಪಟ್ಟಿ ಸುತ್ತಿಕೊಂಡು ಆಡಿದ. ಹೇಳಿದರೆ ತಂಡದಿಂದ ತೆಗೆಯುತ್ತಾರೆ, ಹೊಸ ಕ್ಲಬ್ಬು, ಮೊದಲ ವರ್ಷ. ಎಡಕ್ಕೆ ಹಾರಿದರೆ ಜೀವ ಹೋದ ಹಾಗೆ ನೋಯುತ್ತಿತ್ತು.

"ಕೋಚ್‌ಗೂ ಗೊತ್ತಾಗಿದ್ದಿಲ್ರಿ. ರೂಮಿನ್ಯಾಗಿನ ಹುಡುಗರಿಗೂ ಗೊತ್ತಿದ್ದಿಲ್ಲ. ನೀವ ಒಬ್ಬಾವ್ರು ಮೂರು ಮ್ಯಾಚ್ ಎಡಗೈ ಎಡಗೈ ಅಂತ ಒದರಿದ್ರಿ. ನನಗ ಅಂಜಿಕಿ ಬಂತು. ಇವ್ರಿಗೆ ಕಾಣಸ್ತೈತಿ ಅಂದ್ರ ಎಲ್ಲಾರಿಗೂ ಕಾಣಸ್ತೈತಿ ಅಂತ ಭಾನುವಾರ ಹೋಗಿ ಎಕ್ಸ್‌ರೇ ಫೋಟೋ ತೆಗಸಿದೆ."

ಮಣಿಕಟ್ಟಿನಲ್ಲಿ ಕಡಲೆಬೀಜದಷ್ಟು ಚಿಕ್ಕದೊಂದು ಎಲುಬು ಇರುತ್ತದಂತೆ, ಅದು ಬಿರುಕು ಬಿಟ್ಟಿತ್ತು. ಇನ್ನೊಂದು ತಿಂಗಳು ಹಾಗೇ ಬಿಟ್ಟಿದ್ದರೆ ಎಲುಬು ಕೂಡದೇ ಹೋಗಿ ಆ ಕೈ ಗೋಲಿನ ಕೆಲಸಕ್ಕೆ ಬರುತ್ತಿರಲಿಲ್ಲ ಎಂದರು ಡಾಕ್ಟರು. ಈಗ ಎರಡು ತಿಂಗಳು ಊರಿನಲ್ಲಿ ವಿಶ್ರಾಂತಿ. ಊರೆಂದರೆ ಗೋವಾ ಅಲ್ಲ, ಬೆಳಗಾವಿ. ಆಮೇಲೆ ವಾಪಸು, ಸೆಕ್ರೆಟರಿ ಒಪ್ಪಿದ್ದಾರೆ. ನಾಳೆ ಬೆಳಿಗ್ಗೆ ರೈಲು.

ಗಣಪಯ್ಯನವರು ಎದುರಿನ ಮಂಚದ ಮೇಲೆ ಕುಸಿದು ಕೂತರು. ಆರು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದು, ಉಸಿರು ಹೊಟ್ಟೆಯವರೆಗೂ ಹೋಯಿತು. ಹೊಸ್ತಿಲು ದಾಟುವಾಗ ಇದ್ದ ಅಪರಾಧಿ ಹತ್ತು ನಿಮಿಷದಲ್ಲಿ ವೈದ್ಯನಾಗಿದ್ದು ಅವರಿಗೇ ಸ್ವಲ್ಪ ನಗು ತಂದಿತು. "ನಾನು ಆಗ್ಲೇ ಎಣಿಸಿದ್ದೆ, ಎಡಕ್ಕೆ ಒಂದು ಗೇಣು ಕಮ್ಮಿ ಹಾರ್ತಿದ್ದಿ ಅಂತ," ಎಂದೂ ಹೇಳಿಬಿಟ್ಟರು. ಅವರ ಸ್ವಭಾವ ಅಷ್ಟು ಬೇಗ ಎಲ್ಲಿ ಹೋಗುತ್ತದೆ.

ವಿವೇಕ ಬ್ಯಾಗಿನ ಜಿಪ್ಪು ಎಳೆಯುವುದನ್ನು ನಿಲ್ಲಿಸಿದ.

"ಎಡಗೈ ಮಾತು ಖರೇ ಇತ್ರಿ. ಅವ್ವನ ಮಾತು ಬ್ಯಾಡಾಗಿತ್ತು, ಕಾಕಾ."

ದನಿಯಲ್ಲಿ ಸಿಟ್ಟಿರಲಿಲ್ಲ. ಗಣಪಯ್ಯನವರ ಕಿವಿ ಬಿಸಿಯಾಯಿತು. ಹೌದು, ಬೇಡವಾಗಿತ್ತು ಎಂದು ಒಪ್ಪಿಕೊಂಡರು. ಆಮೇಲೆ ಹುಡುಗನೇ ಅವ್ವನ ವಿಷಯ ತೆಗೆದ. ಅಪ್ಪ ಇಲ್ಲ. ಅವ್ವ ಗಂಗೂಬಾಯಿ ಬೆಳಗಾವಿಯಲ್ಲಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ, ದಿನಕ್ಕೆ ಇನ್ನೂರು. ಕೈ ಮುರಿದದ್ದನ್ನು ಅವಳಿಗೆ ಇನ್ನೂ ಹೇಳಿಲ್ಲ. ಪ್ಲಾಸ್ಟರ್ ಹಾಕಿಕೊಂಡು ಏಕಾಏಕಿ ಮನೆಯ ಮುಂದೆ ನಿಂತರೆ ಗಾಬರಿಯಾಗುತ್ತಾಳೆ, ಈ ಆಟವೇ ಸಾಕು ಎನ್ನುತ್ತಾಳೆ. ತನ್ನ ಮಾತನ್ನು ಅವಳು ನಂಬುವುದಿಲ್ಲ. ಬಂಗಾಳಿಯ ಸೆಕ್ರೆಟರಿಯಿಂದ ಹೇಳಿಸಿದರೆ ಅವಳಿಗೆ ತಿಳಿಯುವುದಿಲ್ಲ.

"ನೀವು ಹಿರ್ಯಾರಿದ್ದೀರಿ. ಕನ್ನಡದಾಗ ಒಂದ್ ಮಾತ ಹೇಳ್ರಿ," ಎಂದು, ಇವರು ಹೂಂ ಅನ್ನುವ ಮೊದಲೇ ಬಲಗೈಯ ಹೆಬ್ಬೆರಳಿನಿಂದ ಫೋನು ಒತ್ತಿ, ಸ್ಪೀಕರ್ ಹಾಕಿ ಚಾಚಿದ.

ಸೆರಗು ಹಿಡಿದು ನಿಲ್ಲಲಿ ಎಂದು ಯಾರನ್ನು ಕರೆದಿದ್ದರೋ ಅದೇ ಹೆಂಗಸು ಈಗ ಗಣಪಯ್ಯನವರ ಕಿವಿಯಲ್ಲಿ, "ಯಾರ್ರೀ?" ಎಂದು ಕೇಳುತ್ತಿದ್ದಳು.

ಅವರು ಎದ್ದು ನಿಂತರು. ತಾನು ಉಡುಪಿಯವನು, ಕಲ್ಕತ್ತೆಯಲ್ಲಿ ಹೋಟೆಲು, ನಿಮ್ಮ ಮಗನ ಆಟ ನೋಡುವವನು ಎಂದು ಪರಿಚಯ ಹೇಳಿದರು. ಕೈಗೆ ಪೆಟ್ಟಾಗಿದೆ, ಗಾಬರಿ ಬೇಡ, ಎರಡು ತಿಂಗಳಲ್ಲಿ ಮೊದಲಿನ ಹಾಗಾಗುತ್ತದೆ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಆಮೇಲೆ ಅವಳು ಕೇಳಿದ್ದು ಕೈಯ ವಿಷಯವನ್ನಲ್ಲ.

"ಅಂವಾ ಛಲೋ ಆಡ್ತಾನೇನ್ರಿ? ಖರೇ ಹೇಳ್ರಿ. ನನ್ನ ಮುಂದ ಎಲ್ಲಾ ಛಲೋ ಐತಿ ಅಂತಾನ, ನನಗೇನು ತಿಳೀತೈತಿ?"

ವಿವೇಕ ನೆಲ ನೋಡುತ್ತಾ ಕೂತಿದ್ದ. ಮೂವತ್ತೆಂಟು ವರ್ಷದಲ್ಲಿ ಗಣಪಯ್ಯನವರು ಒಬ್ಬ ಆಟಗಾರನ ಬಗ್ಗೆಯೂ ಒಳ್ಳೆಯ ಮಾತಾಡಿದ ದಾಖಲೆಯಿಲ್ಲ. ಹೊಗಳಲು ಯಾವ ಪದ ಬಳಸಬೇಕೆಂದು ಅವರು ಒಂದು ಕ್ಷಣ ತಡಕಾಡಿದರು. ಸುಳ್ಳು ಹೇಳಬಾರದು ಎಂಬುದೂ ಮನಸ್ಸಿನಲ್ಲಿತ್ತು.

"ಅಮ್ಮ, ನಾನು ಸುಮ್ಮನೆ ಹೊಗಳುವವ ಅಲ್ಲ. ನಿಮ್ಮ ಮಗ ಮುರಿದ ಕೈಯಲ್ಲಿ ಮೂರು ಮ್ಯಾಚು ನಿಂತ, ಯಾರಿಗೂ ಹೇಳ್ಲಿಲ್ಲ. ಅದು ತಪ್ಪು, ನೀವು ಬೈಯಿರಿ. ಆದ್ರೆ ಮೇಲಿಂದ ಬರುವ ಚೆಂಡನ್ನು ಇವ ಹಿಡಿಯುವ ಹಾಗೆ ಹಿಡಿಯುವವ ನಮ್ಮ ಕ್ಲಬ್ಬಿಗೆ ಹದಿನೈದು ವರ್ಷದಿಂದ ಬರ್ಲಿಲ್ಲ. ಇದನ್ನು ನಾನು ಇವನ ಹತ್ರ ಒಂದು ದಿನವೂ ಹೇಳಿದ್ದಿಲ್ಲ. ಹೇಳ್ಬೇಕಿತ್ತು."

ಹುಡುಗ ತಲೆಯೆತ್ತಿ ನೋಡಿದ. ಗಣಪಯ್ಯನವರು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು.

ಆ ಕಡೆಯಿಂದ ಆಯ್ತ್ರಿ, ಆಯ್ತ್ರಿ, ನಿಮ್ಮ ಪುಣ್ಯಾ ಎಂದದ್ದು ಕೇಳಿಸಿತು. ಮತ್ತೆ ಫೋನನ್ನು ಎಲ್ಲೋ ಇಟ್ಟ ಸದ್ದು. ಅವಳು ಕರೆ ಕತ್ತರಿಸುವುದನ್ನು ಮರೆತಿದ್ದಳು. ಪಕ್ಕದ ಮನೆಯವಳನ್ನೇ ಇರಬೇಕು, ಅವಳು ದೊಡ್ಡ ದನಿಯಲ್ಲಿ ಕರೆದಳು.

"ಏ ತುಂಗಮ್ಮಾ, ಕೇಳಿದೇನ? ಕಲಕತ್ತಾದ ಹಿರ್ಯಾರ ಫೋನ್ ಬಂದಿತ್ತು. ಐವತ್ತು ವರ್ಷದಾಗ ನನ್ನ ಮಗನಂಥಾ ಆಟಗಾರ ಬಂದಿಲ್ಲಂತ!"

ವಿವೇಕ ನಾಚಿಕೆಯಿಂದ ಕೆಂಪಾಗಿ ಫೋನು ಆರಿಸಲು ಕೈಚಾಚಿದ. ಗಣಪಯ್ಯನವರು ಅವನ ಕೈಯನ್ನು ಮೆಲ್ಲಗೆ ಹಿಡಿದು ತಡೆದರು, ಫೋನನ್ನು ಮಂಚದ ಮೇಲೆ ಇಬ್ಬರ ನಡುವೆ ಇಟ್ಟರು. ಬೆಳಗಾವಿಯ ಆ ಓಣಿಯಲ್ಲಿ ಗಂಗೂಬಾಯಿ ಇನ್ನೂ ಹೇಳುತ್ತಲೇ ಇದ್ದಳು. ನಡುನಡುವೆ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.