ಸೆರಗಿನ ಗಂಟಿನ ಮಾತ್ರೆ

ನೀಲಿ ದೀಪ ಹತ್ತಿರ ಬರುತ್ತಿದೆ, ಇನ್ನೂ ಹತ್ತಿರ, ಕಣ್ಣೊಳಗೇ ಬಂದು ಕೂತಿತೇನೋ, ರೆಪ್ಪೆ ಹೊಡೀಬೇಡಿ ಅಮ್ಮಾ, ಉಸಿರು ಬಿಗಿ ಹಿಡೀಬೇಡಿ — ಗಂಗಾಂಬಿಕೆಯ ಗದ್ದ ಕಣ್ಣು ನೋಡುವ ಯಂತ್ರದ ತಣ್ಣನೆಯ ಪಟ್ಟಿಯ ಮೇಲೆ ಕೂತಿದೆ, ಅಲ್ಲಾಡುವ ಹಾಗಿಲ್ಲ, ಕೈಯೊಂದೇ ಬಿಡುವಾಗಿರುವುದು, ಆ ಕೈ ಮಡಿಲಲ್ಲಿ ಸೆರಗಿನ ತುದಿಯ ಗಂಟನ್ನು ಹಿಸುಕುತ್ತಿದೆ, ಬಿಡು ಎಂದರೂ ಬಿಡದು, ಗಂಟಿನೊಳಗೆ ಬೆಳಗಿನ ಮಾತ್ರೆ, ಬಿಳಿದು, ನಡುವೆ ಒಂದು ಗೆರೆ. ದೀಪ ಹಿಂದೆ ಸರಿಯಿತು. ಕಣ್ಣಿನ ಒತ್ತಡ ಮೂವತ್ತನಾಲ್ಕು, ಅಂದರು ಡಾಕ್ಟರು. ಹೋದ ಸಲ ಇಪ್ಪತ್ತೆಂಟಿತ್ತು. ಏನಮ್ಮಾ, ದಿನಕ್ಕೆ ಮೂರೂ ಮಾತ್ರೆ ತಗೊಳ್ತಿದೀರಾ? ಅವಳು ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದಿನಿಂದ ಸೊಸೆ ದಿವ್ಯಾ, ತಗೊಳ್ತಾರೆ ಸರ್, ಬೆಳಿಗ್ಗೆದು ನಾನೇ ಕೈಗೆ ಕೊಡ್ತೀನಿ, ಮಧ್ಯಾಹ್ನದ್ದು ಊಟದ ಡಬ್ಬಿಗೆ ಹಾಕಿ ಕಳಿಸ್ತೀನಿ, ಮಾತ್ರೆ ಶೀಟ್ ನೋಡಿ ಬೇಕಾದ್ರೆ, ಒಂದೂ ಉಳಿದಿಲ್ಲ — ಎಂಥ ಹೆಮ್ಮೆ ಆ ದನಿಯಲ್ಲಿ, ಚನ್ನರಾಯಪಟ್ಟಣದ ಹುಡುಗಿ, ಬಂದು ನಾಲ್ಕು ವರ್ಷವಾಯಿತು, ಹೆತ್ತ ಮಗಳೂ ಹೀಗೆ ನೋಡಿಕೊಳ್ಳಳು, ಇವತ್ತೂ ಆಫೀಸಿಗೆ ರಜೆ ಹಾಕಿ ಬಂದಿದ್ದಾಳೆ, ಆ ದನಿಯನ್ನು ಹೇಗೆ ಮುರಿಯುವುದು ಶಿವನೇ. ಊಂ ಕಣಪ್ಪ, ತಗತೀನಿ, ಅಂದುಬಿಟ್ಟಳು.

ಮೋಸ ಮಾಡಬೇಕೆಂದು ಶುರು ಮಾಡಿದ್ದಲ್ಲ. ಲಿಂಗಪೂಜೆ ಆಗದೆ ಬಾಯಿಗೆ ತೊಟ್ಟು ನೀರು ಹಾಕುವವಳಲ್ಲ ಅವಳು, ಸೊಸೆಗೋ ಎಂಟು ಗಂಟೆಯ ಆಫೀಸಿನ ಅವಸರ, ಕೊಟ್ಟ ಮಾತ್ರೆಯನ್ನು ಸೆರಗಿಗೆ ಕಟ್ಟಿಕೊಂಡು ಪೂಜೆ ಮುಗಿಸಿ ನುಂಗುತ್ತಿದ್ದಳು, ಮೊದಲ ವಾರ ಸತ್ಯವಾಗಿಯೂ ನುಂಗಿದಳು. ನುಂಗಿದರೆ ಬೆರಳ ತುದಿ ಜುಮುಜುಮು ಅನ್ನುತ್ತಿತ್ತು, ಕಾಫಿ ತುಕ್ಕಿನ ರುಚಿ, ಅದನ್ನೆಲ್ಲ ಸಹಿಸಬಹುದಿತ್ತು, ಆದರೆ ಗಳಿಗೆ ಗಳಿಗೆಗೂ ಒಂದಕ್ಕೆ. ಅರಕಲಗೂಡಿನ ಪೇಟೆಯಲ್ಲಿ ಅವರದು ಪೂಜೆ ಸಾಮಾನಿನ ಅಂಗಡಿ, ಯಜಮಾನರು ಹೋದ ಮೇಲೆ ಅವಳೇ ಕೂರುವುದು, ಮಗ ರಜನೀಶ ಹೊಳೆನರಸೀಪುರದ ಕಾಲೇಜಿನಲ್ಲಿ ಪಾಠ ಮುಗಿಸಿ ಬರುವಾಗ ಮೂರಾಗುತ್ತದೆ, ಅಂಗಡಿಯಲ್ಲಿ ಕಕ್ಕಸಿಲ್ಲ, ಬಸ್ ಸ್ಟ್ಯಾಂಡಿಗೇ ಹೋಗಬೇಕು, ಗಲ್ಲಾ ಬಿಟ್ಟು ಎಷ್ಟು ಸಲ ಹೋಗುವುದು? ಅವತ್ತು ಕಟ್ಟಾಯದ ನಂಜಯ್ಯ ಗೃಹಪ್ರವೇಶದ ಪಟ್ಟಿ ಹಿಡಿದು ಬಂದಿದ್ದ, ಕರ್ಪೂರ, ಅರಿಶಿನದ ಕೊಂಬು, ಐದು ತೆಂಗಿನಕಾಯಿ, ಸಾಂಬ್ರಾಣಿ ಬ್ಯಾಡ ಅಲ್ಲಲ್ಲ ಅದೂ ಇರ್ಲಿ ಬುಡಿ ಗಂಗಮ್ಮೋರೆ — ತಡೆದಳು, ತಡೆದಳು, ಕಾಲು ಕತ್ತರಿ ಹಾಕಿ ನಿಂತಳು, ಆಗಲಿಲ್ಲ. ಬೆಚ್ಚಗೆ ಇಳಿಯಿತು. ಅರವತ್ತೊಂದು ವರ್ಷದ ಹೆಂಗಸು! ಪಕ್ಕದಲ್ಲಿದ್ದ ನೀರಿನ ಚೊಂಬನ್ನು ತಾನೇ ತಳ್ಳಿ ಮೈಮೇಲೆ ಕೆಡವಿಕೊಂಡಳು, ಅಯ್ಯೋ ನೀರು ಚೆಲ್ಬುಡ್ತು ಕಣಪ್ಪ. ಬುಡಿ ಗಂಗಮ್ಮೋರೆ, ನೀರು ತಾನೆ, ಅಂದ ನಂಜಯ್ಯ, ಪುಣ್ಯಾತ್ಮ, ತಿಳಿಯಿತೋ ತಿಳಿಯಲಿಲ್ಲವೋ, ಸಾಮಾನು ತಗೊಂಡು ಹೋದವನು ಮತ್ತೆ ಬಂದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಮಾರನೆಯ ದಿನ ಗಂಟು ಬಿಚ್ಚಲಿಲ್ಲ. ಅಂಗಡಿಯ ಮೇಲಿನ ಹಲಗೆಯಲ್ಲಿ ಹಳೆಯ ವಿಭೂತಿ ಡಬ್ಬಿಯಿದೆ, ಬೆಳಗಿನದೂ ಮಧ್ಯಾಹ್ನದ್ದೂ ಅದರೊಳಗೆ, ರಾತ್ರಿಯದೊಂದು ಮಾತ್ರ ಹೊಟ್ಟೆಗೆ, ಎರಡು ತಿಂಗಳಲ್ಲಿ ಡಬ್ಬಿ ತುಂಬುತ್ತಾ ಬಂತು, ಅಲ್ಲಾಡಿಸಿದರೆ ಸದ್ದೂ ಬರುವುದಿಲ್ಲ.

ಇವತ್ತಂತೂ ಬಸ್ಸು, ಗೊರೂರು ದಾಟಿ ಹಾಸನ ಸೇರುವತನಕ ಯಾರು ನಿಲ್ಲಿಸುತ್ತಾರೆ, ನೀರನ್ನೂ ಕುಡಿದಿಲ್ಲ, ಬಾಯಿ ಒಣಗಿದೆ. ಡಾಕ್ಟರು ಬರೆಯುತ್ತಿದ್ದಾರೆ, ನೋಡಿ ಅಮ್ಮಾ, ಮೂರು ಮಾತ್ರೆ, ಎರಡು ತರ ಡ್ರಾಪ್ಸ್, ಇಷ್ಟಾದ್ರೂ ಒತ್ತಡ ಇಳೀತಿಲ್ಲ ಅಂದ್ರೆ ಔಷಧಿ ನಿಮಗೆ ನಾಟ್ತಿಲ್ಲ ಅಂತ, ಆಪರೇಷನ್ನೇ ದಾರಿ, ಗುರುವಾರ ಮಾಡೋಣ, ಇರೋದೊಂದೇ ಕಣ್ಣು, ರಿಸ್ಕ್ ಇಲ್ಲ ಅಂತ ನಾನು ಹೇಳಲ್ಲ. ಒಂದೇ ಕಣ್ಣು. ಎಡಗಡೆಯದು ಹಿಂದೆ ಹೀಗೇ ಬೇರೆ ಯಾರೋ ಡಾಕ್ಟರು ಕುಯ್ದದ್ದು, ಪಟ್ಟಿ ಬಿಚ್ಚಿದ ದಿನವೂ ಕತ್ತಲೆ, ಇವತ್ತಿಗೂ ಕತ್ತಲೆ. ನಾಟುತ್ತಿಲ್ಲವಂತೆ! ಹೊಟ್ಟೆಗೇ ಹೋಗದ ಮಾತ್ರೆ ಎಲ್ಲಿ ನಾಟೀತು, ಹೇಳೇ ಗಂಗಾ, ಹೇಳು, ಡಬ್ಬೀಲವೆ ಸಾ ಅನ್ನು, ಗದರುತ್ತಾರೆ, ಗದರಲಿ, ಹೋದ ಸಲವೇ ಹೇಳಿದ್ದರಲ್ಲ, ನೀರು ಚೆನ್ನಾಗಿ ಕುಡೀರಿ, ಬಾಳೆಹಣ್ಣು ತಿನ್ನಿ, ತೊಂದರೆ ಆದ್ರೆ ನೀವಾಗಿ ನಿಲ್ಲಿಸ್ಬೇಡಿ, ನನಗೆ ಹೇಳಿ, ಏನಾದ್ರೂ ಬದಲಾಯಿಸೋಣ. ಈಗಲೂ ಪೆನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಿದ್ದಾರೆ, ಒಂದಕ್ಕೆ ಜಾಸ್ತಿ ಹೋಗಬೇಕಾಗುತ್ತೇನಮ್ಮಾ? ಅಯ್ಯೋ, ಬಾಗಿಲು ಅವರೇ ತೆರೆದರು, ಹೂಂ ಎಂದರೆ ಸಾಕು, ಆದರೆ ಮಗನ ವಯಸ್ಸಿನ ಗಂಡಸು, ಹಿಂದೆ ಸೊಸೆ — ಇಲ್ಲ ಸರ್, ಅಂಥದ್ದೇನೂ ಇಲ್ಲ, ಅಂದಳು ದಿವ್ಯಾ. ಬಾಗಿಲು ಮುಚ್ಚಿತು.

ಹೊರಗಿನ ಬೆಂಚು. ಅವಳ ಕಣ್ಣಿಗೆ ದೀಪದ ಸುತ್ತ ಬಣ್ಣದ ಬಳೆಗಳು. ಒಪ್ಪಿಗೆ ಕಾಗದಕ್ಕೆ ಸೈನು ಹಾಕಿದಳು, ಅಕ್ಷರ ಗೆರೆ ಬಿಟ್ಟು ಎಲ್ಲೋ ಹೋಯಿತು. ಸಿಸ್ಟರು ಲೋಟ ತಂದಳು, ಇನ್ನೊಂದು ಕೈಯಲ್ಲಿ ಮಾತ್ರೆ, ಇಲ್ಲೇ ನುಂಗ್ಬುಡಿ ಅಜ್ಜಿ, ಗುರುವಾರದೊಳಗೆ ಸ್ವಲ್ಪನಾದ್ರೂ ಒತ್ತಡ ಇಳೀಬೇಕಂತೆ — ಅದೇ ಬಿಳಿದು, ಅದೇ ಗೆರೆ, ಬಸ್ಸು ಎರಡು ಗಂಟೆಗೆ, ಅರಕಲಗೂಡಿಗೆ ಒಂದೂಕಾಲು ಗಂಟೆ, ಪಕ್ಕದ ಸೀಟಿನಲ್ಲಿ ಸೊಸೆಯ ಹೊಸ ಸೀರೆ, ನುಂಗುತ್ತೀನಿ, ಈ ಸಲ ನುಂಗಿಯೇ ನುಂಗುತ್ತೀನಿ, ಮಾತ್ರೆ ಮುಷ್ಟಿಯಲ್ಲೇ, ಲೋಟ ಬಾಯಿಗೆತ್ತಿದಳು, ವಾಲಿತು, ಮಡಿಲೆಲ್ಲ ತಣ್ಣಗೆ. ಬಿಡಿ ಅತ್ತೆ, ನೀರು ತಾನೆ, ಅಂದಳು ದಿವ್ಯಾ, ಬಗ್ಗಿ ಸೆರಗನ್ನು ಎತ್ತಿ ಹಿಂಡಿದಳು, ಬೆಳಗಿನಿಂದ ಹಿಸುಕಿಸಿಕೊಂಡ ಗಂಟು ಎಷ್ಟು ತಾಳೀತು, ಬಿಚ್ಚಿತು, ಅವಳ ಅಂಗೈಯಲ್ಲಿ ಬಿಳಿ ಹುಡಿ, ಒದ್ದೆ ಹುಡಿ. ಇದೇನತ್ತೆ? ಹೇಳು ಗಂಗಾ. ಇದೇ ಕೊನೆ, ಹೇಳು. ಇಬೂತಿ ಕಣವ್ವ, ಅಂದಿತು ಬಾಯಿ. ಹೌದಾ ಅತ್ತೆ, ಎಂದು ದಿವ್ಯಾ ಅಂಗೈಯನ್ನು ಕಣ್ಣಿಗೊತ್ತಿಕೊಂಡಳು, ಶಿವ ನೋಡ್ಕೊತಾನೆ ಬಿಡಿ, ಎಂದು ತನ್ನ ಹಣೆಗೆ ಹಚ್ಚಿಕೊಂಡಳು, ಮೂರು ಬೆರಳು ಅದ್ದಿ ಅತ್ತೆಯ ಹಣೆಗೂ ಎಳೆದಳು, ತಣ್ಣಗೆ, ಕಣ್ಣಿನ ಮೇಲೆಯೇ, ಒಂದು ಗೆರೆ, ಇನ್ನೊಂದು ಗೆರೆ, ಸೊಸೆಯ ಹಣೆಯ ಮೇಲೂ ಅದೇ, ಬಿಳಿ ಗೆರೆ, ಬಿಳಿ ಗೆರೆ.