ಗುರ್ಕಾರರು ಬಿಟ್ಟ ಹೆಸರು

ಕುಲಶೇಖರದ ಆ ವಾಳೆಯಲ್ಲಿ, ಅಂದರೆ ಚರ್ಚಿಗೆ ಸೇರಿದ ಅಕ್ಕಪಕ್ಕದ ಮನೆಗಳ ಗುಂಪಿನಲ್ಲಿ, ಯಾರು ಕಾಯಿಲೆ ಬಿದ್ದರೂ ಮೊದಲು ಚಪ್ಪಲಿ ಮೆಟ್ಟುವವರು ಗುರ್ಕಾರ ಪಿಯುಸ್. ವಾಳೆಯ ಮುಖಂಡರನ್ನು ಹಾಗೆನ್ನುವುದು. ಆಸ್ಪತ್ರೆಯಲ್ಲಿ ಯಾರು ನಿಲ್ಲಬೇಕು, ಗಂಜಿ ಯಾರ ಮನೆಯಿಂದ, ಮಕ್ಕಳನ್ನು ಶಾಲೆಗೆ ಬಿಡುವವರು ಯಾರು, ಎಲ್ಲ ಅವರ ಬಾಯಲ್ಲೇ ಇತ್ಯರ್ಥ. ಬೇಡ ಎಂದವರಿಗೆ ಬೈಗುಳ ಬೇರೆ. "ಬೇಡ ಅಂದ್ರೆ ಎಂತ? ನಾವೆಲ್ಲ ಸತ್ತಿದ್ದೇವಾ?" ಎಂದು ಗದರಿ, ತಂದ ಪಾತ್ರೆಯನ್ನು ಮೇಜಿನ ಮೇಲೆ ಇಟ್ಟೇ ಬರುವ ಜನ.

ಅಂಥವರ ಮನೆಯಲ್ಲೇ ಹೆಂಡತಿ ಸೆವ್ರಿನ್ ಲಕ್ವ ಹೊಡೆದು ಮಲಗಿದಳು. ಎಡಗೈ, ಎಡಗಾಲು ಬಿದ್ದುಹೋದವು. ಪುಣ್ಯಕ್ಕೆ ಮಾತು ಉಳಿಯಿತು. ಮಕ್ಕಳಿಲ್ಲ. ಪಿಯುಸ್ ತಮ್ಮ ಇಲೆಕ್ಟ್ರಿಕಲ್ ಅಂಗಡಿ ಮುಚ್ಚಿ ಕೂತರು. ಎತ್ತುವುದು, ತೊಳೆಯುವುದು, ಉಣಿಸುವುದು ಎಲ್ಲ ಒಬ್ಬರೇ. ಪಕ್ಕದ ಮನೆಯ ರೇಚಲ್ ನರ್ಸು. ಬಂದು ನೋಡುತ್ತೇನೆ ಎಂದವಳನ್ನು ಗೇಟಿನಲ್ಲೇ ತಡೆದು, ಈಗ ಗೋಡೆ ಹಿಡಿದು ನಡೆಯುತ್ತಾಳೆ, ಏನೂ ತೊಂದರೆ ಇಲ್ಲ ಎಂದರು. ಹಸಿ ಸುಳ್ಳು! ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಸುಮ್ಮನೆ ಹುಟ್ಟಿತೇ? ಕೊಟ್ಟೂ ಕೊಟ್ಟೂ ದೊಡ್ಡವರಾದವರಿಗೆ ಇನ್ನೊಬ್ಬರ ಗಂಜಿ ಉಣ್ಣುವುದೆಂದರೆ ಮಾನ ಹೋದ ಹಾಗೆ.

ಆ ಮಾನ ಕಾಯುವ ಕಷ್ಟ ಬಿದ್ದದ್ದು ಸೆವ್ರಿನ್ ಮೇಲೆ. ಒಬ್ಬರಿಂದ ಅವಳನ್ನು ಸರಿಯಾಗಿ ಹೊರಳಿಸಲಾಗದು. ಎಳೆದೆಳೆದು ಬೆನ್ನ ಕೆಳಗೆ ಹುಣ್ಣಾಯಿತು. ಪೌಡರ್ ಹಾಕಿದರು, ಹುಣ್ಣು ಬೆಳೆಯಿತು. ರೇಚಲಳನ್ನು ಕರೆಯಿರಿ ಎಂದು ಅವಳು ಎಷ್ಟು ಬೇಡಿಕೊಂಡರೂ ನಾಳೆ ನೋಡುವ ಎಂದೇ ಉತ್ತರ. ಪ್ರೀತಿ ಇರಲಿಲ್ಲ ಎನ್ನಬೇಡಿ. ಅವಳು ನರಳಿದರೆ ಅಡುಗೆಮನೆಗೆ ಹೋಗಿ ಅಳುತ್ತಿದ್ದರು. ಬಾಗಿಲು ತೆರೆಯುವುದು ಮಾತ್ರ ಆಗುತ್ತಿರಲಿಲ್ಲ.

ಅಷ್ಟರಲ್ಲಿ ವಾಳೆಯ ತಿಂಗಳ ಸಭೆ ಸರದಿ ಪ್ರಕಾರ ಅವರ ಮನೆಗೇ ಬಂತು. ಗುರ್ಕಾರರೇ ತಪ್ಪಿಸಿದರೆ ಜನ ಏನೆಂದಾರು? ಭಾನುವಾರ ಸಂಜೆ ಚಾವಡಿ ಗುಡಿಸಿ, ಕುರ್ಚಿ ಹಾಕಿ, ಸೆವ್ರಿನ್ ಕೋಣೆಯ ಬಾಗಿಲು ಎಳೆದರು. ಮಲಗಿದ್ದಾಳೆ, ಎಬ್ಬಿಸುವುದು ಬೇಡ ಎಂದು ಬಂದವರಿಗೆಲ್ಲ ಹೇಳಿದರು.

ಜಪಸರವಾಯಿತು, ಬೈಬಲ್ ಓದಾಯಿತು. ಇನ್ನು ವಾಳೆಯ ಕಾಯಿಲೆಯವರ ಹೆಸರು ಹೇಳಿ ಪ್ರಾರ್ಥಿಸಬೇಕು. ಅದು ಗುರ್ಕಾರರ ಕೆಲಸ. ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ನೆನೆದರು, ಕಾಲು ಮುರಿದ ಮುದುಕಿಯನ್ನು ನೆನೆದರು. ಪ್ರತಿ ಹೆಸರಿಗೂ ಜನ ಒಟ್ಟಾಗಿ ದನಿಗೂಡಿಸಿದರು. ಹೆಂಡತಿಯ ಹೆಸರು ಮಾತ್ರ ಅವರ ಬಾಯಿಂದ ಬರಲಿಲ್ಲ. ಬಂದರೆ ಬೆಳಗಾಗುವಷ್ಟರಲ್ಲಿ ಇಡೀ ವಾಳೆ ಮನೆಯೊಳಗಿರುತ್ತದೆ. ಅದನ್ನು ಕಲಿಸಿದವರೇ ಅವರಲ್ಲವೇ? ಇಷ್ಟೇ ಎಂದು ಶಿಲುಬೆಯ ಗುರುತಿಗೆ ಕೈ ಎತ್ತಿದರು.

"ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

ಮುಚ್ಚಿದ ಬಾಗಿಲ ಹಿಂದಿನಿಂದ ಸೆವ್ರಿನ್ ದನಿ.

"ನನ್ನ ಬೆನ್ನು ಕೊಳೀತಾ ಉಂಟು. ನಿಮ್ಮ ಮರ್ಯಾದೆಯನ್ನು ಇನ್ನೆಷ್ಟು ದಿನ ನಾನು ಈ ಬೆನ್ನಲ್ಲಿ ಹೊರುವುದು?"

ಪಿಯುಸ್ ಮುಖ ಸುಟ್ಟ ಬದನೆಕಾಯಿಯಾಯಿತು. ರೇಚಲ್ ಯಾರ ಅಪ್ಪಣೆಗೂ ಕಾಯದೆ ಒಳಗೆ ಹೋದಳು. ಹುಣ್ಣು ನೋಡಿ ಅವಳಿಗೆ ಕೆಂಡದಂಥ ಸಿಟ್ಟು ಬಂದಿತ್ತು. ಆದರೂ ಬೈಯಲಿಲ್ಲ. ಈಗಲೇ ಆಸ್ಪತ್ರೆಗೆ ಒಯ್ಯಬೇಕು, ಹಾಗೆಲ್ಲ ಎಳೆಯಬಾರದು, ಕೆಳಗಿನ ಬೆಡ್‌ಶೀಟ್ ಸಮೇತ ಎತ್ತಬೇಕು ಎಂದು ಎದುರು ಮನೆಯ ಅಣ್ಣತಮ್ಮಂದಿರಾದ ಆನ್ಸನ್, ಜೋನ್ ಇಬ್ಬರನ್ನೂ ಕರೆದಳು. ಮೂವರೂ ಒಂದೊಂದು ಮೂಲೆ ಹಿಡಿದರು. ಪಿಯುಸ್ ಗೋಡೆಗೆ ಆತು ನಿಂತಿದ್ದರು, ತಮ್ಮದೇ ಮನೆಯಲ್ಲಿ ನೆಂಟರಂತೆ.

"ಅಂಕಲ್, ಆ ಮೂಲೆ ನೀವು ಹಿಡೀಬೇಕು," ಎಂದಳು ರೇಚಲ್.

ಹಿಡಿದರು. ಎತ್ತಿದರು. ಇಷ್ಟು ತಿಂಗಳು ಎತ್ತಿ ಎತ್ತಿ ಅವರ ಸೊಂಟವೇ ಮುರಿದಿತ್ತು, ಈಗ ಅವಳು ಒಂದು ನರಳಿಕೆಯೂ ಇಲ್ಲದೆ ಮೇಲೆದ್ದಳು. ಪಿಯುಸ್‌ಗೆ ಅಳು ಒತ್ತರಿಸಿ ಬಂತು. ಕೈ ಬಿಡುವಂತಿರಲಿಲ್ಲ, ಎಲ್ಲರೆದುರೇ ಕಣ್ಣೀರು ಇಳಿಯಿತು.

"ನೀನು ಇಷ್ಟು ಹಗುರ ಇದ್ದೀಯಾ?" ಎಂದರು.

"ನಾನು ಯಾವತ್ತೂ ಇಷ್ಟೇ ಮಾರಾಯ್ರೆ," ಎಂದಳು ಸೆವ್ರಿನ್. "ನೀವು ಒಬ್ರೇ ಇದ್ರಿ, ಅಷ್ಟೆ."