ಟೈಲರಕ್ಕನ ಹೆಬ್ಬೆರಳು

ಆರನೆಯದನ್ನೂ ಟೈಲರಕ್ಕ ಹೆಬ್ಬೆರಳಿನಿಂದ ಕಿತ್ತು ಗಾಜಿನ ಕೌಂಟರಿನ ಮೇಲಿಟ್ಟಳು. ಬೆರಳ ತುದಿ ಆಗಲೇ ನೇರಳೆ ಬಣ್ಣಕ್ಕೆ ತಿರುಗಿತ್ತು. ಹೆಬ್ಬೆರಳಿಗೆ ಉಂಗುರದ ಹಾಗೆ ತೊಟ್ಟು ಗಿಟಾರಿನ ತಂತಿ ಮೀಟುವ ಪ್ಲಾಸ್ಟಿಕ್ ಪಿಕ್ ಅದು. ಮುಷ್ಟಿಯಲ್ಲಿ ಹತ್ತು ಹಿಡಿಸುವಂಥ ವಸ್ತುವಿಗೆ ಒಬ್ಬ ಗಿರಾಕಿ ಒಂದು ಗಂಟೆ ತೆಗೆದುಕೊಳ್ಳಬಹುದೆಂದು ವಾದ್ಯದಂಗಡಿಯವನು ಕನಸಿನಲ್ಲೂ ಎಣಿಸಿರಲಿಲ್ಲ. ದೊಡ್ಡ ಸೈಜು ಸಲೀಸಾಗಿ ಹೋಗುತ್ತದೆ, ಅದನ್ನೇ ಒಯ್ಯಿರಿ ಎಂದು ಮೂರನೆಯ ಸಲ ಹೇಳಿದ.

ದೊಡ್ಡದರ ಬಂಡವಾಳ ಅವಳಿಗೆ ಗೊತ್ತಿತ್ತು. ಹೊಸಬರೆಲ್ಲ ಮಾಡುವ ತಪ್ಪನ್ನೇ ಅವಳೂ ಮಾಡಿ, ಹೋದ ವಾರ ದೊಡ್ಡದನ್ನು ಕೊಂಡಿದ್ದಳು. ಸಲೀಸಾಗಿ ಹೋದದ್ದು ಸಲೀಸಾಗಿಯೇ ಹೊರಗೂ ಬಂತು. ಗಿಟಾರ್ ಕ್ಲಾಸಿನ ನಡುವೆ ಚಂಗನೆ ಹಾರಿ ಗಿಟಾರಿನ ಹೊಟ್ಟೆಯೊಳಕ್ಕೆ ಬಿತ್ತು. ಗಿಟಾರನ್ನು ಬೋರಲು ಹಾಕಿ ಉಪ್ಪಿನ ಡಬ್ಬಿಯಂತೆ ಅಲ್ಲಾಡಿಸಬೇಕಾಯಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಇದ್ದವರು ಮೇಷ್ಟ್ರು ಒಬ್ಬರೇ, ಅವರ ಮಾತೇ ಹೆಚ್ಚು ಚುಚ್ಚಿತು. ಬರಿ ಬೆರಳಲ್ಲಿ ನುಡಿಸಿದರೆ ಅವಳ ದಪ್ಪ ತಂತಿಯ ದನಿ ಕೇಳುಗರ ಎರಡನೆಯ ಸಾಲು ದಾಟುವುದಿಲ್ಲವಂತೆ. ಕ್ಲಾಸಿನವರ ಕಾರ್ಯಕ್ರಮದ ಮೊದಲ ತುಣುಕನ್ನು ಒಬ್ಬಳೇ ನುಡಿಸುವ ಸರದಿ ಈ ಸಲ ಅವಳದು. ಆದರೆ ಶನಿವಾರ ಸಂಜೆಯೊಳಗೆ ಪಿಕ್ ಹಾಕಿ ನುಡಿಸಿ ತೋರಿಸದಿದ್ದರೆ ಅದು ಜೊತೆಗೆ ಕಲಿಯುವ ಬ್ಯಾಂಕಿನ ಗುಮಾಸ್ತರ ಪಾಲು. ಅವಳು ಹಿಂದಿನ ಸಾಲಲ್ಲಿ ಕೂತು ಎಲ್ಲರ ಜೊತೆ ತಂತಿ ತಟ್ಟಿಕೊಂಡಿರಬಹುದು. ಇವತ್ತೇ ಶನಿವಾರ, ಗಂಟೆ ನಾಲ್ಕು ದಾಟಿತ್ತು.

ಪಿಕ್ಕಿಗೂ ಆ ಬೆರಳಿಗೂ ಎಣ್ಣೆ ಸೀಗೆಕಾಯಿ ಸಂಬಂಧವಾದದ್ದಕ್ಕೆ ಕಾರಣವಿತ್ತು. ಮೂವತ್ತೊಂದು ವರ್ಷ ದಪ್ಪ ಬಟ್ಟೆ ಕತ್ತರಿಸಿ ಅವಳ ಬಲ ಹೆಬ್ಬೆರಳು ಬುಡದಲ್ಲಿ ಗೆಣಸಿನಂತೆ ಊದಿಕೊಂಡಿತ್ತು. ಕತ್ತರಿಯ ಹಿಡಿ ಕೂರುವ ಗೆಣ್ಣು ಕಲ್ಲಾಗಿತ್ತು, ತುದಿ ಹೊರಕ್ಕೆ ಬಾಗಿತ್ತು. ನಡುವಿನ ಸೈಜು ಗೆಣ್ಣನ್ನು ಹಿಸುಕುತ್ತಿತ್ತು, ದೊಡ್ಡದು ನಿಲ್ಲುತ್ತಿರಲಿಲ್ಲ.

"ಪಿಕ್ಕಲ್ಲಿ ಏನೂ ದೋಷ ಇಲ್ಲಮ್ಮ. ನಿಮ್ಮ ಬೆರಳೇ ಸರಿಯಿಲ್ಲ," ಎಂದ ಅಂಗಡಿಯವನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತನ್ನಷ್ಟಕ್ಕೆ ಗೊಣಗಿದ್ದೂ ಅವಳ ಕಿವಿಗೆ ಬಿತ್ತು.

ಜೊತೆಗೆ ಬಂದಿದ್ದ ತಂಗಿ ನಾಚಿಕೆಯಿಂದ ಕೆಂಪಾದಳು. ಅಕ್ಕನನ್ನು ನೋಡಿ ಯಾರಾದರೂ ನಕ್ಕರೆ ಅವಳಿಗೆ ತನ್ನನ್ನೇ ನೋಡಿ ನಕ್ಕಂತೆ. ತೋಳು ಹಿಡಿದು ಜಗ್ಗುತ್ತ, "ಸಾಕು ಬಾ ಅಕ್ಕ. ಈ ವಯಸ್ಸಲ್ಲಿ ಮುಂದೆ ಕೂತರೇನು, ಹಿಂದೆ ಕೂತರೇನು?" ಎಂದಳು.

ಟೈಲರಕ್ಕ ಜಗ್ಗುವ ಪೈಕಿಯಲ್ಲ. ಅವಳಿಗೆ ಸಿಟ್ಟು ಬಂದಿತ್ತು. ತಂಗಿಯ ಮಾತಿಗಿಂತ ಅಂಗಡಿಯವನ ಮಾತಿಗೆ.

"ಗೂನು ಬೆನ್ನಿನವರು ಬಂದಿದಾರೆ ನನ್ನ ಹತ್ರ. ಒಂದು ತೋಳು ಗಿಡ್ಡ ಇದ್ದೋರು ಬಂದಿದಾರೆ," ಎಂದಳು. "ಒಬ್ಬರಿಗೂ ನಿಮ್ಮ ಮೈ ಸರಿಯಿಲ್ಲ ಅಂದಿಲ್ಲ ನಾನು. ಹಾಗಂದಿದ್ರೆ ನನ್ನ ಅಂಗಡಿ ಎಂದೋ ಮುಚ್ಚಿರೋದು."

ಅವಳು ನಡುವಿನ ಸೈಜಿನದೊಂದಕ್ಕೆ ದುಡ್ಡು ಕೊಟ್ಟು, ಅಂಗಡಿಯವನ ಟೀ ಕೆಟಲಿನಿಂದ ಒಂದು ಲೋಟ ಬಿಸಿನೀರು ಕೇಳಿದಳು. ಹಾಳಾದರೆ ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅವನು ಎಚ್ಚರಿಸಿದ. ಕೇಳಿದ್ದು ನೀರು ಮಾತ್ರ ಎಂದು ಅವಳು ನೆನಪಿಸಿದಳು.

ಕಾಲರಿನೊಳಗೆ ಇಡುವ ಪ್ಲಾಸ್ಟಿಕ್ ಪಟ್ಟಿಯನ್ನು ಶಾಖಕ್ಕೆ ಹಿಡಿದು ದಪ್ಪ ಕತ್ತಿನವರಿಗೆ ಬಗ್ಗಿಸಿಕೊಟ್ಟ ಕೈ ಅದು. ಪಿಕ್ಕನ್ನು ಬಿಸಿನೀರಲ್ಲಿ ಮುಳುಗಿಸಿ, ಮೆತ್ತಗಾದೊಡನೆ ಕರವಸ್ತ್ರದಿಂದ ಎತ್ತಿ ಹೆಬ್ಬೆರಳಿಗೆ ತೊಟ್ಟು ಒತ್ತಿ ಹಿಡಿದಳು. ಮೊದಲ ಸಲ ಹೆಚ್ಚು ಅಗಲವಾಯಿತು. ತಂಗಿ ನಿಟ್ಟುಸಿರಿಟ್ಟಳು. ಎರಡನೆಯ ಸಲ ಗೆಣ್ಣಿಗೆ ಸರಿಯಾಯಿತು, ಆದರೆ ಮೀಟುವ ನಾಲಿಗೆ ತಂತಿಗೆ ಸಿಕ್ಕಿಕೊಳ್ಳುವಷ್ಟು ಉದ್ದವಿತ್ತು. ಚೀಲದಿಂದ ನೂಲು ಕತ್ತರಿಸುವ ಕತ್ತರಿ ತೆಗೆದು ಆ ತುದಿಯನ್ನು ಒಂದು ಅಕ್ಕಿಕಾಳಿನಷ್ಟು ಕತ್ತರಿಸಿ, ಉಗುರು ಉಜ್ಜುವ ಅರದಲ್ಲಿ ನಯ ಮಾಡಿದಳು. ಅಂಗಡಿಯವನು ಟೀ ಕುಡಿಯುವುದನ್ನು ಮರೆತು ನೋಡುತ್ತಿದ್ದ.

ಸರಿಹೋಯಿತಲ್ಲ, ಹೊರಡೋಣ ಎಂದಳು ತಂಗಿ. ಅಕ್ಕ ಕ್ಲಾಸಿಗೆಂದು ತಂದಿದ್ದ ಗಿಟಾರಿನ ಚೀಲ ಬಿಚ್ಚಿದಳು. ನಿಂತು ತೆಗೆದ ಅಳತೆ ಕೂತಾಗ ಸುಳ್ಳಾಗುತ್ತದೆ, ಅದು ಯಾವ ದರ್ಜಿಗೂ ಗೊತ್ತು. ಬೆರಳೂ ಹಾಗೆಯೇ, ದುಡಿದರೆ ಊದಿಕೊಳ್ಳುತ್ತದೆ. ಅಂಗಡಿಯ ಸ್ಟೂಲಿನ ಮೇಲೆ ಕೂತು ಅವಳು ಅರ್ಧ ಗಂಟೆ ನುಡಿಸಿದಳು. ಅಂಗಡಿಯವನು ಗಡಿಯಾರ ನೋಡಿದ, ಕೆಮ್ಮಿದ, ಬಾಗಿಲ ಬಳಿಯ ಧೂಳು ಒರೆಸಿದ. ಬೆರಳು ನೇರಳೆಯಾಗಲಿಲ್ಲ.

ಅವರು ಕ್ಲಾಸಿನ ಮಹಡಿ ಹತ್ತುವಷ್ಟರಲ್ಲಿ ಮುಂದಿನ ಕುರ್ಚಿಯಲ್ಲಿ ಗುಮಾಸ್ತರು ಕೂತು ತಂತಿ ಸರಿಮಾಡಿಕೊಳ್ಳುತ್ತಿದ್ದರು. ಬರುವುದಿಲ್ಲ ಅಂದುಕೊಂಡೆವು, ಇನ್ನು ಬದಲಾಯಿಸುವುದು ಬೇಡ ಎಂದು ಮೇಷ್ಟ್ರು ಹಿಂದಿನ ಸಾಲು ತೋರಿಸಿದರು. ಟೈಲರಕ್ಕ ಹಿಂದಕ್ಕೇ ಹೋದಳು. ಅಲ್ಲಿಂದ ಒಂದು ಕುರ್ಚಿ ಎತ್ತಿಕೊಂಡು ಬಂದು ಗುಮಾಸ್ತರ ಮುಂದೆ ಹಾಕಿ ಕೂತಳು.

"ಶನಿವಾರ ಸಂಜೆಯೊಳಗೆ ಅಂದಿದ್ರಿ, ಮೇಷ್ಟ್ರೇ. ಇನ್ನೂ ಸಂಜೆ ಇದೆ. ಪೂರ್ತಿ ಕೇಳಿ, ಆಮೇಲೆ ಎಬ್ಬಿಸಿ."

ಅವರ ಉತ್ತರಕ್ಕೆ ಕಾಯದೆ ಮೀಟಿದಳು. ದಪ್ಪ ತಂತಿ ಗುಂಯ್ ಎಂದಿತು. ತುಣುಕಿನ ಮೊದಲಲ್ಲೇ ಒಂದು ಸ್ವರ ತಪ್ಪಿತು. ತಪ್ಪಿದ್ದನ್ನು ಅಲ್ಲೇ ಬಿಟ್ಟು ಮುಂದೆ ಹೋದಳು. ಹೆಬ್ಬೆರಳು ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

ಮೇಷ್ಟ್ರು ಕೈ ಕಟ್ಟಿಕೊಂಡು ಎರಡನೆಯ ಸಾಲಿಗೆ ಹೋಗಿ ನಿಂತರು. ಆಮೇಲೆ ನಾಲ್ಕನೆಯದಕ್ಕೆ. ಆಮೇಲೆ ಹಿಂದಿನ ಗೋಡೆಗೆ ಒರಗಿದರು. ಸಾಕು ಎಂದು ಕೈ ಎತ್ತಿದರು. ಇನ್ನೂ ಒಂದು ಚರಣ ಬಾಕಿಯಿತ್ತು, ಅವಳು ನಿಲ್ಲಿಸಲಿಲ್ಲ. ಎತ್ತಿದ ಕೈ ಇಳಿಸಿ ಅವರು ಬಾಗಿಲು ದಾಟಿ ಹೊರಗೆ ಮೆಟ್ಟಿಲಿಗೆ ಇಳಿದರು. ಗುಮಾಸ್ತರು ತಮ್ಮ ಗಿಟಾರನ್ನು ಮೆಲ್ಲಗೆ ನೆಲಕ್ಕಿಟ್ಟರು. ಬಾಗಿಲಾಚೆ, ಮೂರು ಮೆಟ್ಟಿಲು ಕೆಳಗೆ, ಮೇಷ್ಟ್ರ ತಲೆ ಮಾತ್ರ ಕಾಣುತ್ತಿತ್ತು. ಅದು ತಾಳಕ್ಕೆ ಸರಿಯಾಗಿ ತೂಗುತ್ತಿತ್ತು.